ಹಾಡು ಎತ್ತಬೇಡಿ

ನಮ್ಮ ಚರ್ಚ್ ವಾರ್ಡಿನ ಮುಂದಾಳು, ಗುರಿಕಾರ ಸಿಪ್ರಿಯನ್ ಅವರಿಗೆ ನಮಸ್ಕಾರ.

ಶನಿವಾರ ವಾರ್ಡಿನ ಜಪಸರ ಪ್ರಾರ್ಥನೆ ನಮ್ಮ ಮನೆಯಲ್ಲಿ ಉಂಟು. ಕುರ್ಚಿ ಸಾಕಾಗಲಿಕ್ಕಿಲ್ಲ, ಚಾಪೆ ಹಾಸುತ್ತೇನೆ. ಸೋಮವಾರ ನನ್ನ ಯಜಮಾನರಾದ ಹಿಲರಿಯವರ ಹೊಟ್ಟೆಯ ಗಡ್ಡೆಗೆ ಆಪರೇಷನ್ ಎಂದು ನಿಮಗೆ ಗೊತ್ತಿದೆ.

ಕಳೆದ ಸಲ ನಿಮ್ಮ ಮನೆಯ ಪ್ರಾರ್ಥನೆಯಲ್ಲಿ ಕೋರಿಕೆ ಹೇಳುವ ಸರದಿ ಬಂದಾಗ ನಾನು ಮಳೆಗಾಗಿ, ಲೋಕಶಾಂತಿಗಾಗಿ, ಎಲ್ಲ ರೋಗಿಗಳಿಗಾಗಿ ಸೊಗಸಾಗಿ ಪ್ರಾರ್ಥಿಸಿದೆ. ನೀವೆಲ್ಲ ಮೆಚ್ಚಿದಿರಿ. ದಾರಿಯಲ್ಲಿ ಹಿಲರಿ ನಕ್ಕರು: "ಭಾಷಣ ಲಾಯ್ಕ ಆಯ್ತು ಮಾರಾಯ್ತಿ. ನನ್ನ ಹೆಸರೊಂದು ಬರಲಿಲ್ಲ, ಅಷ್ಟೇ."

ಅಂದಿನಿಂದ ಪ್ರಯತ್ನಿಸುತ್ತಿದ್ದೇನೆ. ಶಿಲುಬೆಯ ಮುಂದೆ ಕೂತರೆ ಒಳ್ಳೊಳ್ಳೆಯ ವಾಕ್ಯಗಳು ಬರುತ್ತವೆ, ನನ್ನ ಹೆದರಿಕೆ ಮಾತ್ರ ಬಾಯಿಗೆ ಬರುವುದಿಲ್ಲ. ಎದ್ದುಹೋಗಿ ತೊಳೆದ ಪಾತ್ರೆಯನ್ನೇ ತೊಳೆಯುತ್ತೇನೆ, ಮತ್ತೆ ಬಂದು ಕೂರುತ್ತೇನೆ.

ಯಾರಾದರೂ ತಡವರಿಸಿದರೆ ನೀವು ಕೂಡಲೇ ಹಾಡು ಎತ್ತಿ ಅವರನ್ನು ಪಾರುಮಾಡುತ್ತೀರಿ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತೀರಿ. ಶನಿವಾರ ನನ್ನ ಸರದಿಯಲ್ಲಿ ದಯವಿಟ್ಟು ಹಾಗೆ ಮಾಡಬೇಡಿ. ನಾನು ಎಷ್ಟು ಹೊತ್ತು ಸುಮ್ಮನಿದ್ದರೂ, ಅತ್ತರೂ, ದೇವರನ್ನೇ ಬೈದರೂ ಕಾಯಿರಿ. ಹಿಲರಿ ನನಗೆ ನೀರು ತರಲು ಎದ್ದರೆ ಅವರನ್ನೂ ಕೂರಿಸಿ.

ನಿಮ್ಮ ವಾರ್ಡಿನ,
ಐರಿನ್ ಪಿರೇರಾ
ಮೂಡುಬಿದಿರೆ