ಎರಡು ಬಣ್ಣದ ಒಂದೇ ಮಾತ್ರೆ

ಮಾರ್ಚ್ 3, ಸೋಮವಾರ
ಮೊದಲು ಹೇಳಿದವನು ಪಕ್ಕದ ಮನೆ ಬೈರಣ್ಣ, ಹೋದ ವಾರ ಟೀ ಅಂಗಡಿಯಲ್ಲಿ — ರಕ್ತ ತೆಳುವಾಗಿಸುವ ಮಾತ್ರೆ ಜೆನೆರಿಕ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ ಎಂದು. ಅವನಿಗೂ ನಮ್ಮಣ್ಣ ಗೋಪಾಲಪ್ಪನ ಹಾಗೆ ಹೃದಯದಲ್ಲಿ ಹಾಕಿಸಿದ ಕೃತಕ ವಾಲ್ವ್. ಡಾಕ್ಟರೂ ಒಪ್ಪಿದರು. ಔಷಧಿ ಅದೇ, ಕಂಪನಿ ಹೆಸರು ಮಾತ್ರ ಇಲ್ಲ. ಅಣ್ಣನ ಮಗಳು ರಮ್ಯ ಇವತ್ತು ತಂದಳು. ಹಳೆಯದು ಗುಲಾಬಿ, ಇನ್ನೂ ಉಳಿದಿದೆ; ಇದು ಬಿಳಿ. ಅತ್ತಿಗೆ ಮುನಿತಾಯಮ್ಮ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಲೇ ಇಸಿದುಕೊಂಡರು.

ಮಾರ್ಚ್ 19
ಅಣ್ಣನ ಒಸಡಿನಲ್ಲಿ ರಕ್ತ. ತೋಳಿನಲ್ಲಿ ನೀಲಿ ಕಲೆ. "ಆಸ್ಪತ್ರೆಗೆ ನಡಿಯಣ್ಣ" ಎಂದೆ.
"ಸೀರೆ ಮುಗೀಲಿ ಕಣ್ಲಾ. ಅರ್ಧಕ್ಕೆ ಬಿಟ್ರೆ ಮಗ್ಗ ನನ್ನೇ ಬೈತದೆ."

ಮಾರ್ಚ್ 22
ಮಗ್ಗದ ಮುಂದೆಯೇ ಕುಸಿದ. ತಲೆಯೊಳಗೆ ರಕ್ತಸ್ರಾವ. ಸಂಜೆಗೆ ಹೋಗಿಬಿಟ್ಟ.
ಡಾಕ್ಟರು ಕೇಳಿದರೆಂದು ರಮ್ಯ ಆಸ್ಪತ್ರೆಗೆ ಮಾತ್ರೆಗಳನ್ನು ತಂದಿದ್ದಳು. ಎರಡೂ ಬಣ್ಣದ ಪಟ್ಟಿ ಅರ್ಧ ಖಾಲಿ. ಅತ್ತಿಗೆ ಬೆಳಿಗ್ಗೆ ಗುಲಾಬಿ, ಸಂಜೆ ಬಿಳಿ ಕೊಟ್ಟಿದ್ದಾರೆ. ಒಂದೇ ಔಷಧಿ, ಎರಡರಷ್ಟು. ನೇಯುವ ಮನೆ… ಬಣ್ಣ ಬೇರೆಯಾದರೆ ನೂಲೇ ಬೇರೆ, ಎರಡೂ ಬೇಕು ಅಂದುಕೊಂಡಿದ್ದಾರೆ.
"ಅಮ್ಮಂಗೆ ಹೇಳ್ಬೇಡ ಚಿಕ್ಕಪ್ಪಾ. ಬದುಕಲ್ಲ" ಎಂದಳು ರಮ್ಯ.

ಏಪ್ರಿಲ್ 1
ತಿಥಿ. ಊಟ ಮುಗಿಸಿದ ಜನ ಅಂಗಳದಲ್ಲಿ ಕೂತರು. ಹೇಗಾಯಿತು, ಹೇಗಾಯಿತು… ಊರಿಗೆಲ್ಲ ಕಥೆ ಹೇಳುವವನು ನಾನು ತಾನೇ, ಎಲ್ಲರೂ ನನ್ನ ಕಡೆಯೇ ತಿರುಗಿದರು. ಬಾಗಿಲಲ್ಲಿ ಅತ್ತಿಗೆ — "ಒಂದಿನಾನೂ ತಪ್ಪಿಸ್ಲಿಲ್ಲ ಕಣಪ್ಪಾ. ಎರಡೂ ಮಾತ್ರೆ ಕೊಟ್ಟೆ."
ಯಾರಾದರೂ ಏನಾದರೂ ಕೇಳುವ ಮೊದಲೇ ಹೇಳಿಬಿಟ್ಟೆ. "ಆ ಬಿಳೀದು ಸರಿ ಇರ್ಲಿಲ್ಲ. ಜೆನೆರಿಕ್ಕು. ಅದೇ ತಿಂದುಹಾಕ್ತು ನಮ್ಮಣ್ಣನ್ನ."
ಎಲ್ಲರೂ ತಲೆಯಾಡಿಸಿದರು. ಅತ್ತಿಗೆಯೂ. ರಮ್ಯ ಎದ್ದು ಒಳಗೆ ಹೋದಳು.

ಏಪ್ರಿಲ್ 2, ಬೆಳಿಗ್ಗೆ
ಬೈರಣ್ಣನ ಹೆಂಡತಿ ಆದಿಲಕ್ಷ್ಮಮ್ಮ ಚರಂಡಿಗೆ ಬಿಳಿ ಮಾತ್ರೆ ಕಿತ್ತು ಕಿತ್ತು ಹಾಕುತ್ತಿದ್ದರು.
"ನೀನು ಹೇಳಿದ್ದು ಒಳ್ಳೇದಾಯ್ತಪ್ಪಾ. ಇವ್ರು ಇವತ್ತಿಂದ ಯಾವ್ ಮಾತ್ರೇನೂ ಬೇಡ ಅಂದ್ಬಿಟ್ರು."
ನಿಲ್ಲಿಸಿದರೆ ವಾಲ್ವ್‌ನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಬೈರಣ್ಣನೂ ಹೋಗುತ್ತಾನೆ.
"ಅಯ್ಯೋ, ಹಾಕ್ಬೇಡಕ್ಕಾ! ಮಾತ್ರೇದೇನೂ ತಪ್ಪಿಲ್ಲ—"
ಹಿಂದೆ ಅತ್ತಿಗೆ. ಸೊಂಟದಲ್ಲಿ ಬಿಂದಿಗೆ.
"ಮತ್ತೆ ಯಾರ್ದಪ್ಪಾ ತಪ್ಪು?"
ಬೈರಣ್ಣ ಉಳಿಯಬೇಕಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.
ಅತ್ತಿಗೆ ಬಿಂದಿಗೆ ಕೆಳಗಿಟ್ಟು, ಉಳಿದ ಮಾತ್ರೆ ಪಟ್ಟಿಯನ್ನು ಆದಿಲಕ್ಷ್ಮಮ್ಮನ ಕೈಯಲ್ಲೇ ಮಡಚಿ ಹಿಡಿಸಿದರು: "ಒಂದೇ ಬಣ್ಣದ್ದು ಕೊಡವ್ವಾ. ನಾನು ಎರಡೂ ಕೊಟ್ಟೆ."