ಹಾಲಿನಪುಡಿ ಡಬ್ಬಿಯ ಐವರು

ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್
೧೪ ನವೆಂಬರ್ ೨೦೨೫

ಚಾವಡಿಯಲ್ಲಿ ನೆರೆದಿರುವ ಮಹಾಜನರೇ, ಪರದೆಯ ಹಿಂದೆ ಚಹಾ ಕಾಸುತ್ತಿರುವ ವಸಂತಿಯೇ, ಓದುವ ಪಾತ್ರ ವಹಿಸಿರುವ ಮಗಳು ಯಶ್ಮಿತಾಳೇ,

ಸದ್ದು ಮಾಡದೆ ಕುಳಿತುಕೊಳ್ಳಿ. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿ ಎದ್ದು ಹೋಗುತ್ತೀರಿ. ಅದಕ್ಕೇ ರಜೆಗೆ ಊರಿಗೆ ಹೊರಟ ನಮ್ಮ ಕ್ಯಾಂಪಿನ ಪಾಯ್ಸರ ಕೈಯಲ್ಲಿ ಈ ಕಾಗದ. ಶುಭಸಮಾಚಾರ ಮೊದಲು: ನನ್ನ ಜೊತೆ ಗೋದಾಮಿನಲ್ಲಿ ದುಡಿಯುವ ತಮಿಳುನಾಡಿನ ಶಾಹುಲ್ ಹಮೀದ್ ಜೈಲಿಗೆ ಹೋಗಲಿಲ್ಲ.

ಗೋದಾಮಿನಿಂದ ತಾಮ್ರದ ತಂತಿ ಕಾಣೆಯಾಗಿ, ಎಲ್ಲರ ಬೆರಳು ಅವನತ್ತ ತಿರುಗಿತ್ತು. ನಮ್ಮ ಕ್ಯಾಂಪಿನಲ್ಲಿ ಯಾವ ದೂರಾದರೂ ಮೊದಲು ಐದು ಮಂದಿ ಕೆಲಸಗಾರರ ಮುಂದೆ ಬರಬೇಕು. ಅವರು ಹುರುಳಿದೆ ಎಂದರೆ ಕಂಪನಿ ಪೊಲೀಸರಿಗೆ ಒಪ್ಪಿಸುತ್ತದೆ. ಇಲ್ಲ ಎಂದರೆ ದೂರು ಅಲ್ಲಿಗೇ ಖಲಾಸ್. ಆ ಐವರನ್ನು ಆರಿಸುವುದು ಚೀಟಿ ಎತ್ತಿ. ಕೇಳಲು ಧರ್ಮರಾಯನ ನ್ಯಾಯ. ಆದರೆ ಚೀಟಿಯ ಹಾಲಿನಪುಡಿ ಡಬ್ಬಿ ಇರುವುದು ನಮ್ಮ ಊರಿನವರ ಮೆಸ್ಸಿನಲ್ಲಿ, ಅದರೊಳಗಿನ ಹೆಸರುಗಳೂ ಅಲ್ಲಿ ಉಣ್ಣುವ ತುಳುವರದ್ದು ಮಾತ್ರ. ತಮಿಳರು, ಪೇಶಾವರದವರು, ನೇಪಾಳದವರು ಬೇರೆ ಬೇರೆ ಮೆಸ್ಸಿನವರು. ಅವರ ಹೆಸರು ಡಬ್ಬಿಗೆ ಬಿದ್ದದ್ದೇ ಇಲ್ಲ. ಈ ಸಲವೂ ಐವರು ನಮ್ಮವರೇ ಬಂದರು. ಶಾಹುಲ್‌ನನ್ನು ಕರೆಯದೆಯೇ ತೀರ್ಪು ಬೇಯತೊಡಗಿತು.

ಆಗ ರಂಗಕ್ಕೆ ನಿಮ್ಮ ತುಕ್ರನ ಪ್ರವೇಶ. ಡಬ್ಬಿಯನ್ನು ಕ್ಯಾಂಪ್ ಬಾಸ್ ಅಲೆಕ್ಸಾಂಡರ್ ಸಾಹೇಬರ ಮೇಜಿನ ಮೇಲೆ ಕವುಚಿ, ಓದಿ ನೋಡಿ ಅಂದೆ. ಮೆಸ್ಸಿನ ಯಜಮಾನನಿಗೆ ಸಿಟ್ಟು ಬಂತು. ಮೊದಲಿನಿಂದ ಹೀಗೇ ಮಾರಾಯ, ನಮ್ಮ ಭಾಷೆ ಬೇರೆಯವರಿಗೆ ಎಲ್ಲಿ ತಿಳಿಯುತ್ತದೆ ಅಂದ. ಕಳ್ಳ ಅನ್ನಲಿಕ್ಕೆ ಹಿಂದಿ ಸಾಕು, ಅಲ್ಲ ಅನ್ನಲಿಕ್ಕೆ ತುಳುವೇ ಬೇಕಾ ಅಂದೆ. ಸಾಹೇಬರು ನಗಲಿಲ್ಲ, ಎಲ್ಲ ಮೆಸ್ಸಿನವರ ಹೆಸರು ಹಾಕಿಸಿ ಹೊಸದಾಗಿ ಎತ್ತಿಸಿದರು.

ಹೊಸ ಐವರು ಮೊದಲು ಮಾಡಿದ್ದು ಶಾಹುಲ್‌ನನ್ನು ಕರೆದು ಕೂರಿಸಿ ಕೇಳಿದ್ದು. ತಂತಿ ಹೋದ ವಾರ ಅವನು ಅಬುಧಾಬಿಯಿಂದಲೂ ಆಚೆ, ದೂರದ ರುವೈಸ್‌ನ ಸೈಟಿನಲ್ಲಿದ್ದ. ಕಂಪನಿಯ ಬಸ್ಸಿನವನೇ ಹೌದು ಅಂದ. ದೂರು ಅಲ್ಲಿಗೇ ಬಿದ್ದುಹೋಯಿತು. ಶಾಹುಲ್ ನನ್ನ ಹೆಗಲಿಗೆ ತಲೆಯಿಟ್ಟು ಅತ್ತ. ನನ್ನ ಎದೆಯಿಂದ ಅಕ್ಕಿಮೂಟೆ ಇಳಿಸಿದಂತಾಯಿತು.

ಯಶ್ಮಿತಾ, ಇಲ್ಲಿಗೆ ಓದು ನಿಲ್ಲಿಸಿ ಕಾಗದ ಅಮ್ಮನ ಕೈಗೆ ಕೊಡು ಮಗಾ. ಮಹಾಜನರಿಗೆ ನಮಸ್ಕಾರ.

ಇಂತು ನಿಮ್ಮವನೇ ಆದ,
ತುಕ್ರ

ಮ.ವಿ.: ವಸಂತಿ, ಇದು ನಿನಗೊಬ್ಬಳಿಗೆ. ಮೊದಲ ಐವರಲ್ಲಿ ನಾನೂ ಒಬ್ಬ. ಆ ಕುರ್ಚಿಯಿಂದ ಎದ್ದೇ ಡಬ್ಬಿ ಹೊತ್ತುಕೊಂಡು ಹೋದದ್ದು. ಮೆಸ್ಸಿನ ಯಜಮಾನ ಈಗ ನಿನ್ನ ತಮ್ಮ ಸುಮಿತನೇ. ನಿನಗೆ ಮುಜುಗರ ಬೇಡವೆಂದು ಹೆಸರು ಬರೆಯಲಿಲ್ಲ. ಅವನು ನನ್ನ ತಟ್ಟೆಯನ್ನು ಬಾಗಿಲ ಹೊರಗಿಟ್ಟಿದ್ದಾನೆ. ಬೇಸರ ಮಾಡಿಕೊಳ್ಳಬೇಡ, ನನಗಂತೂ ಹಗುರಾಗಿದೆ. ನಾಳೆ ಬೆಳಿಗ್ಗೆ ಆ ತಟ್ಟೆ ಹಿಡಿದು ತಮಿಳರ ಮೆಸ್ಸಿನ ಸಾಲಿನಲ್ಲಿ ನಿಲ್ಲುತ್ತೇನೆ.