ಮೊದಲ ಒಬ್ಬೆ ಅವ್ವನಿಗೆ

ಗುಬ್ಬಿ
13-11-2025

ಪ್ರೀತಿಯ ತಂಗಿ ಅನುಪಮಾ,

ಅಕ್ಕನ ಆಶೀರ್ವಾದ. ನಾವೆಲ್ಲ ಕ್ಷೇಮ ಅಂತ ಬರೆಯೋಕೆ ಹೋದೆ, ಪೆನ್ನು ಅಲ್ಲೇ ನಿಂತ್ಕೊಂಡ್ತು. ಜ್ವರ ಗಿರ ಯಾರಿಗೂ ಇಲ್ಲ, ಅವ್ವನ ಮಂಡಿನೋವು ಇದ್ದಂಗೇ ಇದೆ, ಅಷ್ಟರ ಮಟ್ಟಿಗೆ ಕ್ಷೇಮ. ನನ್ನ ತಲೆ ಮಾತ್ರ ಕೆಟ್ಟು ಕೆರ ಹಿಡಿದಿದೆ. ನೀನು ಫೋನ್ ಮಾಡಿದಾಗೆಲ್ಲ "ಆಮೇಲೆ ಮಾಡ್ತೀನಿ" ಅಂತ ಇಟ್ಟುಬಿಟ್ಟೆ, ಕೋಪ ಮಾಡ್ಕೋಬೇಡ ಕಣೇ. ನಿಮ್ಮ ಭಾವ ಪಕ್ಕದಲ್ಲೇ ಕೂತಿರ್ತಾರೆ, ಅವ್ವ ಒಳಗಿಂದ ಕಿವಿ ಕೊಟ್ಟಿರ್ತಾಳೆ, ಏನಂತ ಮಾತಾಡ್ಲಿ? ಅದಕ್ಕೇ ಈ ಕಾಗದ. ನಗಬೇಡ, ಕವರ್ ತಗೊಳ್ಳೋಕೆ ಹೋದ್ರೆ ಪೋಸ್ಟಾಫೀಸಿನವರೇ ನಕ್ಕರು.

ಅಪ್ಪ ನಮ್ಮಿಬ್ಬರ ಹೆಸರಿಗೆ ಬಿಟ್ಟುಹೋದ ಸೈಟಿನ ಮೇಲೆ ಸಾಲ ತೆಗೀಬೇಕು, ಅದಕ್ಕೆ ನಿನ್ನ ಸೈನ್ ಬೇಕು ಅಂತ ನಿಮ್ಮ ಭಾವ ಹೇಳಿದಾರಲ್ಲ. ನೀನು "ಅಕ್ಕ ಹೇಳಿದ್ರೆ ಹಾಕ್ತೀನಿ" ಅಂದ್ಯಂತೆ. ಅಯ್ಯೋ ಪುಣ್ಯಾತ್ಗಿತ್ತಿ, ಅಕ್ಕನಿಗೇ ಗೊತ್ತಿಲ್ವಲ್ಲೇ ಏನು ಹೇಳ್ಬೇಕು ಅಂತ! ಮುಂದಿನ ವಾರ ಬ್ಯಾಂಕಿನವರು ಕರೆದಿದಾರೆ. ಅಷ್ಟರಲ್ಲಿ ಹೂಂ ಅನ್ನಬೇಕು, ಇಲ್ಲ ಊಹೂಂ ಅನ್ನಬೇಕು.

ಮೊದಲಿಂದ ಹೇಳ್ತೀನಿ ಕೇಳು. ದಸರಾ ಮುಗಿದ ಮೇಲೆ ನಿಮ್ಮ ಭಾವ ತೆಂಗಿನಕಾಯಿ ಮಂಡಿ ಕೆಲಸಕ್ಕೆ ರಜಾ ಹಾಕಿ ತುಮಕೂರಲ್ಲಿ ಯಾವುದೋ ಮೀಟಿಂಗಿಗೆ ಹೋಗಿದ್ರು. ಬರೋವಾಗ ಕೈಯಲ್ಲೊಂದು ಬಣ್ಣದ ಪುಸ್ತಕ, ಮುಖದಲ್ಲಿ ಹೊಸ ಮದುವೆ ಗಂಡಿನ ಕಳೆ. "ಹಬೆಮನೆ ತಟ್ಟೆ ಇಡ್ಲಿ" ಅಂತ ಕಂಪನಿಯಂತೆ. ಅದರ ಫ್ರಾಂಚೈಸಿ ತಗೊಂಡ್ರೆ ನಮ್ಮ ಇಡ್ಲಿ ಅಂಗಡೀನ ಅವರೇ ಗಾಜು, ಲೈಟು, ಎಸಿ ಎಲ್ಲಾ ಹಾಕಿ ಮಾಡಿಸಿಕೊಡ್ತಾರಂತೆ. ಮಾಡಿಸಿಕೊಡ್ತಾರೆ ಅಂದ್ರೆ ಖರ್ಚು ನಮ್ಮದೇ, ಆರಿಸೋರು ಮಾತ್ರ ಅವರು. "ಬಿದರೆಹಳ್ಳ ಕಾವಲ್ ಹೆಲಿಕಾಪ್ಟರ್ ಫ್ಯಾಕ್ಟರಿಯೋರೆಲ್ಲ ಕಾರಲ್ಲಿ ಬರ್ತಾರೆ ವಾಣಿ, ಈ ತಗಡಿನ ಬೆಂಚಿಗೆ ಇನ್ನೆಷ್ಟು ದಿನ?" ಅಂದ್ರು.

ಆಮೇಲೆ ಕೂತು ನಿಧಾನಕ್ಕೆ ಬಿಡಿಸಿ ಹೇಳಿದ್ರು. ಬಂಡವಾಳ ನಾವೇ ಹಾಕಬೇಕು, ಮಳಿಗೆ ನಮ್ಮದೇ, ಎದ್ದು ದುಡಿಯೋರೂ ನಾವೇ. ಹೆಸರು ಮಾತ್ರ ಅವರದ್ದು. ಆ ಹೆಸರು ಹಾಕ್ಕೊಳ್ಳೋಕೆ ಮೊದಲೇ ದುಡ್ಡು ಕಟ್ಟಬೇಕು, ಆಮೇಲೆ ತಿಂಗಳು ತಿಂಗಳು ವ್ಯಾಪಾರದಲ್ಲೂ ಪಾಲು ಕೊಡಬೇಕು, ಅದಕ್ಕೆ ರಾಯಲ್ಟಿ ಅಂತಾರೆ. ಅವರು ಹೇಳಿದಂಗೇ ಬೇಯಿಸಬೇಕು, ಅವರು ಕೊಟ್ಟ ಬಟ್ಟೇನೇ ಹಾಕ್ಕೋಬೇಕು. "ಅಲ್ಲಾ ರೀ, ನಿಮ್ಮನೆಗೆ ಸೊಸೆಯಾಗಿ ಬಂದಾಗ ನಾನು ಮಾಡಿದ್ದೂ ಇದೇ ಅಲ್ವಾ?" ಅಂದೆ. "ನಿಂಗೆ ಎಲ್ಲಾ ತಮಾಷೆ" ಅಂತ ಮುಖ ಊದಿಸ್ಕೊಂಡ್ರು. ಪಾಪ, ಅವರೂ ಹಿಟ್ಟು ರುಬ್ಬಿ ರುಬ್ಬಿ ಬಂದ ನನ್ನ ಭುಜದ ನೋವು ನೋಡಲಾರದೆ ಹೊರಟಿರೋದು, ಅದು ನಂಗೊತ್ತು.

ಮೊನ್ನೆ ಸೋಮವಾರ ಟ್ರೈನಿಂಗ್ ಅಂತ ತುಮಕೂರಿಗೆ ಕರ್ಕೊಂಡು ಹೋದ್ರು. ಹರ್ಷಿತಾ ಅಂತ ಕಂಪನಿ ಹುಡುಗಿ, ನಿನ್ನ ಮಗಳು ಪಲ್ಲವಿಗಿಂತ ಒಂಚೂರು ದೊಡ್ಡೋಳಿರಬೇಕು. ಹಿಟ್ಟು ಪ್ಯಾಕೆಟ್ಟಲ್ಲಿ ಬರುತ್ತೆ, ಐಸಿನಂಗೆ ತಣ್ಣಗೆ. ಸೌಟು ತಗೊಂಡು ತಟ್ಟೆಗೆ ಹುಯ್ಯೋಕೆ ಹೋದೆ, ಕೈ ಹಿಡ್ಕೊಂಡ್ಲು. "ಆಂಟಿ, ಅಂದಾಜಲ್ಲಿ ಬೇಡ, ತೂಕಕ್ಕೆ ಇಡಿ." ಮುಚ್ಚಳ ತೆಗೆದು ಬೆರಳು ಒತ್ತಿ ನೋಡೋ ಹಂಗಿಲ್ಲ, ಬೆಲ್ ಹೊಡೆದಾಗ ಇಳಿಸಬೇಕು. ಮೈಯೆಲ್ಲ ಉರಿದುಹೋಯ್ತು. ನಾನು ಇಡ್ಲಿ ಬೇಯಿಸೋಕೆ ಶುರು ಮಾಡಿದಾಗ ಇವಳು ಹುಟ್ಟಿದ್ಲೋ ಇಲ್ವೋ! ಆದ್ರೆ ಸುಳ್ಳು ಯಾಕೆ ಹೇಳ್ಲಿ, ಅಕ್ಕಿ ತೊಳೆಯೋದಿಲ್ಲ, ರುಬ್ಬೋದಿಲ್ಲ, ಅವತ್ತು ಸಂಜೆ ಭುಜ ನೋಯ್ಲಿಲ್ಲ. ಒಳ್ಳೆ ಹುಡುಗೀನೂ ಹೌದು. ಹೊರಡೋವಾಗ ಒಂದು ಪ್ಯಾಕೆಟ್ ಹಿಟ್ಟು, ಒಂದು ಚಟ್ನಿ ಪ್ಯಾಕೆಟ್ ಕೊಟ್ಟು "ಮನೇಲಿ ಮಾಡಿ ನೋಡಿ ಆಂಟಿ" ಅಂದ್ಲು. ತಂದು ಫ್ರಿಜ್ಜಲ್ಲಿ ಕೊತ್ತಂಬರಿ ಸೊಪ್ಪಿನ ಹಿಂದೆ ಬಚ್ಚಿಟ್ಟೆ.

ಯಾಕೆ ಅಂದ್ರೆ ಅವ್ವನಿಗೆ ಈ ಸುದ್ದಿ ಒಂದೂ ಗೊತ್ತಿಲ್ಲ. "ಬಸವಲಿಂಗಮ್ಮ ತಟ್ಟೆ ಇಡ್ಲಿ" ಅನ್ನೋ ಅವ್ವನ ಹೆಸರಿನ ಬೋರ್ಡ್ ಇಳಿಸಬೇಕಂತೆ. ಅಷ್ಟೇ ಅಲ್ಲ, ಒಂದು ಸಲ ಅಗ್ರಿಮೆಂಟ್ ಆದ್ಮೇಲೆ ನಮ್ಮ ಸ್ವಂತ ಇಡ್ಲಿ ತಾಲ್ಲೂಕಲ್ಲಿ ಎಲ್ಲೂ ಮಾರೋ ಹಾಗಿಲ್ಲವಂತೆ. ನಿಮ್ಮ ಭಾವ "ಒಳಗಡೆ ಅವ್ವನ ಫೋಟೋ ದೊಡ್ಡದಾಗಿ ಹಾಕೋಣ ಬಿಡು" ಅಂದ್ರು. "ಬದುಕಿರೋ ಹೆಂಗಸಿನ ಫೋಟೋ ಹಾಕಿ ಊದುಬತ್ತಿ ಬೇರೆ ಹಚ್ತೀರಾ?" ಅಂತ ಬೈದೆ. ಕೇಳಿ ನೋಡಿದ್ರೆ ಕಂಪನಿ ರೂಲ್ಸಲ್ಲಿ ಫೋಟೋಗೂ ಜಾಗ ಇಲ್ಲ.

ಅವ್ವನ ಪದ್ಧತಿ ನಿಂಗೂ ಗೊತ್ತಲ್ಲ. ಮಂಡಿ ಹಿಡ್ಕೊಂಡು ಒಲೆ ನಂಗೆ ಬಿಟ್ಟ ದಿನದಿಂದ ಇವತ್ತಿನವರೆಗೂ, ಹಬೆಯಿಂದ ಮೊದಲ ಒಬ್ಬೆ ಇಡ್ಲಿ ಇಳಿದ ಕೂಡಲೇ ಮೊದಲ ತಟ್ಟೆ ಅವಳ ಮುಂದೆ ಹೋಗಬೇಕು. ವಿಭೂತಿ ಇಟ್ಕೊಂಡು ಕಾಯ್ತಾ ಕೂತಿರ್ತಾಳೆ. ಒಂದು ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ, "ಉಪ್ಪು ಒಂಚೂರು ಹಿಂದೆ" ಅಂತಾಳೆ. ಇಲ್ಲ "ಹುಳಿ ಬಂದಿಲ್ಲ" ಅಂತಾಳೆ. ಕೊನೆಗೆ "ಹೂಂ, ನಡೀಲಿ" ಅನ್ನಬೇಕು. ಅಲ್ಲೀತಂಕ ಗಿರಾಕಿ ನಿಂತಿದ್ರೂ ಒಂದು ಇಡ್ಲಿ ಹೊರಗೆ ಹೋಗಲ್ಲ. ಚೆನ್ನಾಗಿದೆ ಅನ್ನೋ ಮಾತು ಆ ಬಾಯಲ್ಲಿ ನಾನು ಕೇಳಿಲ್ಲ. ಚಿಕ್ಕೋಳಾಗಿದ್ದಾಗ ನೀನು ಸೀದ ದೋಸೆ ಮಾಡಿಕೊಟ್ರೂ "ಅನು ಕೈ ಹಗುರ" ಅಂತಿದ್ಲು, ನೆನಪಿದ್ಯಾ? ಆಗೆಲ್ಲ ನಿನ್ನ ಜಡೆ ಹಿಡಿದು ಎಳೀಬೇಕು ಅನ್ನಿಸೋದು.

ಈಗ ಹೇಳು, ನಾನೇನು ಮಾಡ್ಲಿ? ಫ್ರಾಂಚೈಸಿ ತಗೊಂಡು ವ್ಯಾಪಾರ ಓಡಲಿಲ್ಲ ಅಂದ್ರೆ ಸೈಟ್ ಹೋಗುತ್ತೆ, ನಿನ್ನ ಪಾಲೂ ಅದರ ಜೊತೆಗೇ. ಬೇಡ ಅಂದ್ರೆ ಈ ಭುಜದಲ್ಲಿ ಇನ್ನೆಷ್ಟು ದಿನ ಹಿಟ್ಟಿನ ಪಾತ್ರೆ ಎತ್ತಲಿ? ಬೆಳಿಗ್ಗೆ ಬೇಕು ಅನ್ಸುತ್ತೆ, ಮಧ್ಯಾಹ್ನ ಬೇಡ ಅನ್ಸುತ್ತೆ, ಸಂಜೆ ನಿಮ್ಮ ಭಾವ ಬಂದು "ಏನಂತೀಯಾ?" ಅಂದ್ರೆ ಪಾತ್ರೆ ತಿಕ್ಕೋಕೆ ಎದ್ದು ಹೋಗ್ತೀನಿ. ನೀನೇ ಸೈನ್ ಹಾಕಲ್ಲ ಅಂದುಬಿಟ್ರೆ ತಪ್ಪು ನಿನ್ನ ಮೇಲೆ ಹಾಕಿ ಹಾಯಾಗಿರ್ತೀನಿ. ಬೇಜಾರಾಯ್ತಾ? ಅಕ್ಕಂದಿರ ಬುದ್ಧಿಯೇ ಇಷ್ಟು.

ಪಲ್ಲವಿ ಚೆನ್ನಾಗಿ ಓದ್ಲಿ, ಶಿವ ಅವಳಿಗೆ ಒಳ್ಳೇದು ಮಾಡ್ಲಿ. ನಿಮ್ಮ ಯಜಮಾನ್ರಿಗೆ ನನ್ನ ನಮಸ್ಕಾರ ಹೇಳು. ಕುಣಿಗಲ್‌ನಿಂದ ಗುಬ್ಬಿ ಏನು ಕಾಶಿಯಲ್ಲ, ಒಂದು ದಿನ ಬಸ್ ಹತ್ತಿ ಬಾ. ನಿನ್ನ ಸಂಸಾರ ತಂಪಾಗಿರಲಿ.

ನಿನ್ನ ಅಕ್ಕ,
ವಾಣಿಶ್ರೀ

ತಾ.ಕ.: ಕವರ್ ಅಂಟಿಸೋಕೆ ಹೋಗಿ ಮತ್ತೆ ತೆಗೆದೆ. ಇದನ್ನ ಬರೀದೆ ಕಳಿಸಿದ್ರೆ ಮೇಲೆ ಬರೆದಿದ್ದೆಲ್ಲ ಬರೀ ಮಾತು. ಮಂಗಳವಾರ ಈ ಗೊಂದಲದಲ್ಲಿ ಅಕ್ಕಿ ನೆನೆಹಾಕೋದೇ ಮರೆತಿದ್ದೆ. ಇಷ್ಟು ವರ್ಷದಲ್ಲಿ ಮೊದಲ ಸಲ ಕಣೇ. ನಿನ್ನೆ ಅಂಗಡಿ ಬಾಗಿಲು ತೆಗೀಲಿಲ್ಲ. ಆದ್ರೆ ಅವ್ವ ವಿಭೂತಿ ಇಟ್ಕೊಂಡು ಕೂತವ್ಳೆ, ಅವಳ ತಟ್ಟೆ ನಿಲ್ಲಿಸೋಕಾಗುತ್ತಾ? ಕೊತ್ತಂಬರಿ ಸೊಪ್ಪಿನ ಹಿಂದಿನ ಪ್ಯಾಕೆಟ್ ಒಡೆದು ಒಂದು ಒಬ್ಬೆ ಬೇಯಿಸಿದೆ, ಅವರದ್ದೇ ಚಟ್ನಿ ಕಲೆಸಿ ಮುಂದೆ ಇಟ್ಟೆ. ಬೈತಾಳೆ, ಬೈದ್ರೆ ಆ ನೆಪದಲ್ಲೇ ಬೇಡ ಅಂದುಬಿಡೋಣ ಅಂತ ಬಾಗಿಲ ಹತ್ರ ನಿಂತಿದ್ದೆ. ಅವ್ವ ಇಡೀ ಇಡ್ಲಿ ತಿಂದ್ಲು. ಇನ್ನೊಂದು ಕೇಳಿ ಹಾಕಿಸ್ಕೊಂಡ್ಲು. ತಟ್ಟೆ ಒರೆಸಿ, ನನ್ನ ಕೈ ಹಿಡಿದು, "ಈಗ ಬಂತು ನೋಡೇ ನಿಂಗೆ ನನ್ನ ಕೈ" ಅಂದ್ಲು. ಅವಳ ಕಣ್ಣಲ್ಲಿ ನೀರಿತ್ತು. ನಾನು ಹೂಂ ಅಂದೆ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಕೊಂಡು ಅತ್ತೆ.

ಇವತ್ತು ಮತ್ತೆ ನನ್ನ ಹಿಟ್ಟು, ನನ್ನ ಚಟ್ನಿ. ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದ್ಲು. "ನಡೀಲಿ" ಅನ್ನಲಿಲ್ಲ. "ನಿನ್ನೆ ಬಂದಿದ್ದ ಕೈ ಇವತ್ತೆಲ್ಲಿ ಹೋಯ್ತೇ, ವಾಣಿ?" ಅಂದ್ಲು.